ಲ್ಯಾಕ್ಸ್‌ಟನ್ ಹೊಲಗಳಿಗೆ ಚಕ್ಕುಬಂದಿ ಹಿಡಿದದ್ದು: ನನ್ನ ಅನುಭವ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಅನ್ನೋದು ಬೇಲಿಯಿಲ್ಲದ ದೊಡ್ಡ ಹೊಲಗಳನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿಕೊಂಡು ಉಳುವ ಹಳ್ಳಿ. ಅಲ್ಲಿ ಯಾವ ಮನೆತನ ಯಾವ ಪಟ್ಟಿ ಉಳುತ್ತಿತ್ತು ಅನ್ನೋದನ್ನು ತಲೆಮಾರು ತಲೆಮಾರಾಗಿ ಹಿಡಿಯಬಹುದು ಅಂದಾಗ ಜೊತೆಯವರು ಯಾರೂ ನಂಬಲಿಲ್ಲ. ಯಾವ ಪಟ್ಟಿ ಯಾರದೆಂದು ತೋರಿಸುವ 1635ರ ಮಾರ್ಕ್ ಪಿಯರ್ಸ್ ನಕ್ಷೆ ಇದೆಯಲ್ಲ, ಇನ್ನೇನು ಬೇಕು ಅಂದರು. ನಕ್ಷೆ ಹೇಳೋದು ಆ ಒಂದು ವರ್ಷದ ಮಾತು. ಅದರ ಹಿಂದುಮುಂದು ನನಗೆ ಬೇಕಿತ್ತು. ಈಗ ಅಲ್ಲಿನ ಮೂರು ದೊಡ್ಡ ಹೊಲಗಳಲ್ಲಿ ಒಂದಾದ ವೆಸ್ಟ್ ಫೀಲ್ಡ್ ಮಟ್ಟಿಗೆ ಸಿಕ್ಕಿದೆ.

ಮೊದಲ ಎರಡು ವರ್ಷ ಚರ್ಚ್ ರಿಜಿಸ್ಟರನ್ನೇ ನೆಚ್ಚಿಕೊಂಡು ಕೆಟ್ಟೆ. ಒಂದು ಜೋಡಿಗೆ ಮೇ ತಿಂಗಳಲ್ಲಿ ಮದುವೆ, ಅದೇ ಇಸವಿಯ ಫೆಬ್ರವರಿಯಲ್ಲಿ ಮಗುವಿನ ಬ್ಯಾಪ್ಟಿಸಂ. ಒಂದೇ ಹೆಸರಿನ ಎರಡು ಮನೆ ಇರಬೇಕೆಂದು ಎರಡು ಕವಲು ಬರೆದು ನಾಲ್ಕು ತಿಂಗಳು ಬೆನ್ನುಹತ್ತಿದೆ. 1752ಕ್ಕೆ ಮುಂಚೆ ಅಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ ಒಂದೇ ಇಸವಿಯಲ್ಲಿ ಮೇ ಆದಮೇಲೆ ಫೆಬ್ರವರಿ! ಹಳೇ ದಾಖಲೆ ಹುಡುಕುವ ನಮಗೆಲ್ಲ ಗೊತ್ತಿರುವ ವಿಷಯವೇ, ಆದರೆ ಟೈಪು ಮಾಡಿದ ಸೂಚಿ ನಂಬಿ ಮೂಲ ಪುಟ ತೆರೆದಿರಲಿಲ್ಲ. ಅಷ್ಟೊತ್ತಿಗೆ ರೈಲು, ನಕಲು, ಚಂದಾ ಅಂತ ಸುಮಾರು 600 ಪೌಂಡ್ ಕರಗಿತ್ತು. ಅದರಲ್ಲಿ ನೂರೈವತ್ತು ಹಳೇ ಕೈಬರಹ ಓದಿಕೊಡುತ್ತೇನೆ ಅಂದವರೊಬ್ಬರಿಗೆ ಹೋಯಿತು. ಹಳೇ ಬರಹದಲ್ಲಿ ಎಫ್‌ನಂತೆ ಕಾಣುವ ಉದ್ದನೆಯ ಎಸ್ ಅನ್ನು ಎಫ್ ಎಂದೇ ಓದಿ ಅರ್ಧ ಹೆಸರು ಕೆಡಿಸಿಕೊಟ್ಟರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ದಾರಿ ತೋರಿದ್ದು ಗ್ಲೀಬ್ ಟೆರಿಯರ್. 1604ರ ಚರ್ಚ್ ಕಾನೂನು ಬರೆದಿಡಿಸಿದ, ಪಾದ್ರಿಯ ಉಂಬಳಿ ಜಮೀನಿನ ವಿವರದ ದಾಖಲೆ. ಪೂರ್ವಕ್ಕೆ ಇಂಥವನ ಪಟ್ಟಿ, ಪಶ್ಚಿಮಕ್ಕೆ ಇಂಥವನದು ಅಂತ ಪ್ರತಿ ತುಂಡಿಗೂ ಬರೆದಿರುತ್ತಾರೆ. ಥೇಟ್ ನಮ್ಮ ಚಕ್ಕುಬಂದಿ! ನಮ್ಮಜ್ಜ ಶಾನುಭೋಗರಾಗಿದ್ದವರು, ಅವರು ಕ್ರಯಪತ್ರ ಓದುತ್ತಿದ್ದ ರಾಗ ಕಿವಿಯಲ್ಲೇ ಇತ್ತು. ಎಲ್ಲರೂ ಟೆರಿಯರಿನಲ್ಲಿ ಪಾದ್ರಿಯ ಹೊಲ ಹುಡುಕುತ್ತಾರೆ, ನಾನು ನೆರೆಯವರನ್ನಷ್ಟೇ ಎತ್ತಿಕೊಂಡೆ. ಪಾದ್ರಿಯ ಪಟ್ಟಿ ಜಾಗ ಬಿಟ್ಟು ಕದಲೋದಿಲ್ಲ, ಪಕ್ಕದವನ ಹೆಸರು ಮಾತ್ರ ಬದಲಾಗುತ್ತದೆ. ಎಲ್ಲಿ ಬದಲಾಯಿತೋ ಆ ಎರಡು ಟೆರಿಯರಿನ ನಡುವಿನ ವರ್ಷಗಳಲ್ಲಿ ಮಣ್ಣಾದವರ ಹೆಸರುಗಳನ್ನು ತೆಗೆದು ಹೊಂದಿಸಬೇಕು. ಎಪ್ಪತ್ತು ಚಿಲ್ಲರೆ ಹೆಸರಲ್ಲಿ ಐವತ್ತರಷ್ಟು ಕೂತವು. ಇಷ್ಟು ಯಾರೂ ಕೂರಿಸಿದ್ದನ್ನು ನಾನು ಕಂಡಿಲ್ಲ. ಅಪ್ಪ ಮಗನಿಗೆ ಒಂದೇ ಹೆಸರಿದ್ದಾಗ ಹೇಗೆ ಬಿಡಿಸಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ, ಉಳಿದೆರಡು ಫೀಲ್ಡ್ ಮುಗಿಯಲಿ.

ನಡುವೆ ಬೇಲಿಗಳ ಹುಚ್ಚೂ ಹತ್ತಿತ್ತು. 30 ಗಜದಲ್ಲಿ ಎಷ್ಟು ಜಾತಿ ಗಿಡವೋ ಬೇಲಿಗೆ ಅಷ್ಟು ನೂರು ವರ್ಷ ವಯಸ್ಸು ಎಂಬ ಹೂಪರ್ ಲೆಕ್ಕ. ಎರಡು ಬೇಸಿಗೆ ಎಣಿಸಿದೆ. 1635ರ ನಕ್ಷೆಯಲ್ಲಿ ಇಲ್ಲವೇ ಇಲ್ಲದ ಬೇಲಿಯಲ್ಲಿ ಏಳು ಜಾತಿ ಸಿಕ್ಕಿದ ದಿನವೇ ಆ ಎಣಿಕೆಯ ಪುಸ್ತಕ ಮುಚ್ಚಿದೆ. ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರಿಳಿತ ಅಳೆಯುವ ಲೈಡಾರ್ ಮಾತ್ರ ಕೈಬಿಡಲಿಲ್ಲ. ಅಲ್ಲಿನ ಸರ್ಕಾರಿ ಸಂಸ್ಥೆ ಎನ್ವಿರಾನ್‌ಮೆಂಟ್ ಏಜೆನ್ಸಿಯದು, ಪುಕ್ಕಟೆ. ಹುಲ್ಲುಗಾವಲಿನ ಅಡಿಯಲ್ಲಿ ಹಳೇ ಸಾಲುಗಳು ಎದ್ದು ಕಂಡವು. ಸಾಲಿನ ಕೊನೆಯಲ್ಲಿ ನೇಗಿಲಿಗೆ ಉದ್ದಕ್ಕೆ ಕಟ್ಟಿದ ಎತ್ತುಗಳನ್ನು ತಿರುಗಿಸಲು ಬಳುಕಿದ ಬಾಗೂ ಹಾಗೇ ಉಳಿದಿದೆ.

ಕಳೆದ ನವೆಂಬರ್ ಕೊನೆಗೆ ಹೊಲಗಳ ಎಲ್ಲೆ ಕಾಯುವ ಊರವರ ಮಂಡಳಿಯಾದ ಜ್ಯೂರಿ ಗೋಧಿ ಬಿತ್ತಿದ ಹೊಲದ ಎಲ್ಲೆ ನೋಡಲು ಹೊರಟಾಗ ನಾನೂ ಹೋಗಿದ್ದೆ. ಸೈಕ್ ಅನ್ನುವ ಹುಲ್ಲುಪಟ್ಟಿಯ ಅಂಚಿಗೆ ಗೂಟ ಹೊಡೆಯುತ್ತಿದ್ದರು. ಟೆರಿಯರಿನಿಂದ ಬರೆದುಕೊಂಡಿದ್ದ ನನ್ನ ಹಾಳೆಯಲ್ಲೂ ಪಾದ್ರಿಯ ಪಟ್ಟಿಯ ಪಶ್ಚಿಮಕ್ಕೆ ಸೈಕ್ ಅಂತಲೇ ಇತ್ತು. ಒಬ್ಬ ರೈತರು ಹಾಳೆ ಇಸಿದುಕೊಂಡು ಎರಡು ಸಲ ಓದಿ, ಮಡಚಿ ಕೋಟಿನೊಳಗೆ ಇಟ್ಟುಕೊಂಡರು. ಮಿಲ್ ಫೀಲ್ಡ್‌ನದ್ದು ಯಾವಾಗ ಅಂತ ಕೇಳಿದರು.