ಎಂಜಿನಿಯರುಗಳ ಸಂಘಕ್ಕೆ ಜನ ಸೇರಿಸಿದ್ದು, ಹಣ ಕೂಡಿಸಿದ್ದು: ನನ್ನ ಅನುಭವ

ಕೆಲವು ವರ್ಷ ನಾನು ಎಂಜಿನಿಯರುಗಳ ವೃತ್ತಿ ಸಂಘವೊಂದರ ಘಟಕದಲ್ಲಿ ಸದಸ್ಯತ್ವದ ಜವಾಬ್ದಾರಿ ನೋಡಿಕೊಂಡೆ. ಆಮೇಲೆ ಖಜಾಂಚಿ ಕೆಲಸವೂ ಹೆಗಲಿಗೆ ಬಿತ್ತು. ಎರಡೂ ಒಬ್ಬರ ಕೈಯಲ್ಲೇ ಇದ್ದದ್ದು ಒಳ್ಳೆಯದಾಯಿತು ಅಂತ ಈಗಲೂ ಅನಿಸುತ್ತದೆ. ಸಾಮಾನ್ಯವಾಗಿ ಸದಸ್ಯತ್ವಕ್ಕೆ ಒಂದು ಉಪಸಮಿತಿ, ನಿಧಿ ಸಂಗ್ರಹಕ್ಕೆ ಇನ್ನೊಂದು ಇರುತ್ತದೆ. ಇವರು ಏನು ಮಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಿರುವುದಿಲ್ಲ, ಇಬ್ಬರೂ ಒಂದೇ ಜನಕ್ಕೆ ಒಂದೇ ತಿಂಗಳಲ್ಲಿ ಪತ್ರ ಕಳಿಸಿ ಬೇಸರ ತರಿಸುತ್ತಾರೆ. ನನಗೆ ಕಂಡದ್ದು ಇಷ್ಟು: ಸಂಘದಲ್ಲಿ ಏನಾದರೂ ಕೆಲಸ ಮಾಡಿದವರು ಶುಲ್ಕವನ್ನೂ ಕಟ್ಟುತ್ತಾರೆ, ಮುಂದೊಮ್ಮೆ ದೇಣಿಗೆಯನ್ನೂ ಕೊಡುತ್ತಾರೆ. ಸುಮ್ನೆ ಹೆಸರು ಬರೆಸಿ ಹೋದವರು ಎರಡನ್ನೂ ಮಾಡುವುದಿಲ್ಲ.

ಹಾಗಾಗಿ ಹೊಸಬರನ್ನು ಸೇರಿಸುವ ಅಭಿಯಾನ ಅಂತ ನಾನು ಹೊರಡಲಿಲ್ಲ. ಮೊದಲು ಹಿಡಿದದ್ದು ಇರುವ ಪಟ್ಟಿಯನ್ನು. ಲೆಕ್ಕ ನೋಡಿ. ಸಾವಿರ ಸದಸ್ಯರಿದ್ದಾರೆ, ಪ್ರತಿ ವರ್ಷ ಶೇ. 85 ಮಂದಿ ನವೀಕರಿಸುತ್ತಾರೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ, ಅಲ್ವಾ? ಐದು ವರ್ಷಕ್ಕೆ ಆ ಸಾವಿರದಲ್ಲಿ ಉಳಿಯುವವರು ಸುಮಾರು 444. ಅದೇ ಶೇ. 92 ಆದರೆ ಸುಮಾರು 659 ಮಂದಿ ಉಳಿಯುತ್ತಾರೆ. ಇದ್ದಲ್ಲೇ ಇರಲು ಮೊದಲನೆಯ ಸಂಘಕ್ಕೆ ವರ್ಷಕ್ಕೆ 150 ಹೊಸಬರು ಬೇಕು, ಎರಡನೆಯದಕ್ಕೆ 80 ಸಾಕು. ಈ ಲೆಕ್ಕವನ್ನು ಸಮಿತಿಯ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಲೆ ಬೇರೆ ವಾದ ಬೇಕಾಗಲಿಲ್ಲ. ಎಂಜಿನಿಯರುಗಳ ಹತ್ತಿರ ಅಂಕಿ ಇಟ್ಟುಕೊಂಡು ಮಾತಾಡುವುದೇ ಸುಲಭ.

ಬಿಟ್ಟುಹೋದವರಿಗೆ ಫೋನ್ ಮಾಡಲು ಶುರು ಮಾಡಿದೆವು. ಇಮೇಲ್ ಅಲ್ಲ, ಫೋನ್. ಶುಲ್ಕ ಜಾಸ್ತಿ ಆಯಿತು ಅಂತ ಹೇಳುತ್ತಾರೆ ಅಂದುಕೊಂಡಿದ್ದರು ನಮ್ಮ ಹಿರಿಯರು. ಹಾಗೆ ಹೇಳಿದವರು ಕಡಿಮೆ. ಎಷ್ಟೋ ಮಂದಿಗೆ ನವೀಕರಣದ ಪತ್ರವೇ ತಲುಪಿರಲಿಲ್ಲ, ಏಕೆಂದರೆ ಕಂಪನಿಯ ಇಮೇಲ್ ಕೊಟ್ಟಿದ್ದರು, ಕೆಲಸ ಬದಲಾಯಿಸಿದಾಗ ಅದು ಸತ್ತುಹೋಗಿತ್ತು. ಇನ್ನು ಕೆಲವರ ಶುಲ್ಕವನ್ನು ಕಂಪನಿ ಕಟ್ಟುತ್ತಿತ್ತು, ಹೊಸ ಮ್ಯಾನೇಜರ್ ಬಂದು ನಿಲ್ಲಿಸಿದ್ದರು. ಉಳಿದವರು ಹೇಳಿದ್ದು ಬೇರೆ ಬೇರೆ ಮಾತಿನಲ್ಲಿ ಒಂದೇ ಸಂಗತಿ: ನನ್ನನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ. ಮೊದಲ ಎರಡಕ್ಕೆ ಮದ್ದು ಸುಲಭ. ಸ್ವಂತ ಮೊಬೈಲ್ ನಂಬರ್, ಸ್ವಂತ ಇಮೇಲ್ ಕಡ್ಡಾಯ ಮಾಡಿದೆವು, ಖಾತೆಯಿಂದ ತಾನಾಗಿ ಶುಲ್ಕ ಕಡಿತವಾಗುವ ವ್ಯವಸ್ಥೆ ಇಟ್ಟೆವು. ಮೂರನೆಯದಕ್ಕೆ ಕೆಲಸ ಕೊಡಬೇಕು. ಸೇರಿದ ಮೊದಲ ಮೂರು ತಿಂಗಳೊಳಗೆ ಪ್ರತಿ ಹೊಸ ಸದಸ್ಯರಿಗೂ ಏನಾದರೂ ಒಂದು ಸಣ್ಣ ಕೆಲಸ ಅಂತ ನಿಯಮ ಮಾಡಿಕೊಂಡೆವು. ಉಪನ್ಯಾಸಕಾರರನ್ನು ಪರಿಚಯಿಸುವುದು, ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಿ ಅಂಕ ಕೊಡುವುದು, ಸೈಟ್ ಭೇಟಿಗೆ ಅನುಮತಿ ಕೊಡಿಸುವುದು, ಇಂಥವು. ಬಂದು ಕೂತು ಚಪ್ಪಾಳೆ ತಟ್ಟಿ ಹೋಗುವುದು ಕೆಲಸ ಅಲ್ಲ.

ಜನ ಅತಿ ಹೆಚ್ಚು ಕಳೆದುಹೋಗುವುದು ಓದು ಮುಗಿದು ಕೆಲಸಕ್ಕೆ ಸೇರುವ ಹೊತ್ತಿಗೆ. ವಿದ್ಯಾರ್ಥಿ ಸದಸ್ಯತ್ವ ಬಹುಪಾಲು ಪುಕ್ಕಟೆ ಅನ್ನುವಷ್ಟು ಕಡಿಮೆ, ಪದವಿ ಸಿಕ್ಕ ಮರುವರ್ಷ ಪೂರ್ತಿ ಶುಲ್ಕದ ಪತ್ರ ಬರುತ್ತದೆ. ಯಾರು ಕಟ್ಟುತ್ತಾರೆ? ನಾವು ಅದನ್ನು ಮೆಟ್ಟಿಲು ಮಾಡಿದೆವು: ಮೊದಲ ವರ್ಷ ಕಾಲು ಭಾಗ, ಎರಡನೆಯ ವರ್ಷ ಅರ್ಧ, ಆಮೇಲೆ ಪೂರ್ತಿ. ಖಜಾಂಚಿಯಾಗಿ ನನಗೆ ಇದರಿಂದ ನಷ್ಟ ಕಾಣಲಿಲ್ಲ, ಏಕೆಂದರೆ ಆ ಪೂರ್ತಿ ಶುಲ್ಕ ಹಿಂದೆಯೂ ಬರುತ್ತಿರಲಿಲ್ಲ. ಆದರೆ ರಿಯಾಯಿತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಜೋಡಿ ಹಾಕುವುದು. ನಾಲ್ಕೈದು ವರ್ಷ ಅನುಭವ ಇರುವ ಒಬ್ಬರನ್ನು ಹೊಸಬರ ಜೊತೆ ಕೂಡಿಸುತ್ತಿದ್ದೆವು. ಮೂವತ್ತು ವರ್ಷ ಅನುಭವದ ಹಿರಿಯರನ್ನು ಬೇಕೆಂದೇ ಹಾಕಲಿಲ್ಲ. ಹೊಸಬರಿಗೆ ಬೇಕಿರುವುದು ಮೊನ್ನೆಮೊನ್ನೆ ಅದೇ ದಾರಿ ದಾಟಿದವರ ಮಾತು. ಹಿರಿಯರು ಜೀವನಚರಿತ್ರೆ ಹೇಳಲು ಶುರು ಮಾಡಿಬಿಡುತ್ತಾರೆ. (ನಾನೂ ಈಗ ಆ ಗುಂಪಿಗೆ ಸೇರಿದವನೇ.)

ಇನ್ನು ಬಾಗಿಲು ಅಗಲ ಮಾಡುವ ವಿಷಯ. ಜಗಳ ಆದದ್ದು ಇಲ್ಲಿಯೇ.

ನಮ್ಮ ಅರ್ಜಿಯಲ್ಲಿ ಇಬ್ಬರು ಹಳೆಯ ಸದಸ್ಯರ ಸಹಿ ಬೇಕು ಅಂತ ಇತ್ತು. ದೊಡ್ಡ ಕಂಪನಿಯಲ್ಲಿ ಇರುವವರಿಗೆ ಅದು ಪಕ್ಕದ ಮೇಜಿನ ಕೆಲಸ. ನಾಲ್ಕು ಜನರ ಸಣ್ಣ ಸಂಸ್ಥೆಯಲ್ಲಿ ಇರುವವರಿಗೆ, ಹೊಸ ಊರಿಗೆ ಬಂದವರಿಗೆ, ಮನೆತನದಲ್ಲಿ ಮೊದಲ ಎಂಜಿನಿಯರ್ ಆದವರಿಗೆ ಒಬ್ಬ ಸದಸ್ಯರೂ ಪರಿಚಯ ಇರುವುದಿಲ್ಲ. ಹಾಗೆಯೇ 'ಸತತ ಐದು ವರ್ಷ ಸೇವೆ' ಅನ್ನುವ ಸಾಲು. ಮಗು ಆದ ಮೇಲೆ ಎರಡು ವರ್ಷ ಕೆಲಸ ಬಿಟ್ಟ ಹೆಣ್ಣುಮಗಳು ಆ 'ಸತತ' ಎನ್ನುವಲ್ಲೇ ಹೊರಗುಳಿದಳು. ಯಾರೂ ಬೇಕಂತ ಬರೆದದ್ದಲ್ಲ, ಆದರೆ ಫಲ ಮಾತ್ರ ಬೇಕಂತ ಬರೆದಷ್ಟೇ. ಸಹಿ ಸಿಗದವರನ್ನು ಸಂದರ್ಶನ ಮಾಡಿ ಸಹಿ ಹಾಕಲು ಕೆಲವು ಹಿರಿಯರನ್ನೇ ನೇಮಿಸಿದೆವು. 'ಸತತ' ತೆಗೆದು 'ಒಟ್ಟು' ಅಂತ ಹಾಕಿಸಿದೆವು. ಡಿಪ್ಲೊಮಾ ಮಾಡಿ ಸ್ಥಾವರ ನಡೆಸುವವರಿಗೆ, ಪ್ರಯೋಗಾಲಯದ ತಂತ್ರಜ್ಞರಿಗೆ, ಸಾಫ್ಟ್‌ವೇರ್ ಮತ್ತು ವೈದ್ಯಕೀಯ ಉಪಕರಣಗಳ ಕಡೆಯಿಂದ ಬಂದವರಿಗೆ ಸೇರಲು ಒಂದು ದರ್ಜೆ ಇರಲಿ ಅಂತ ಕೇಳಿದೆವು.

'ಮಟ್ಟ ಇಳಿಯುತ್ತದೆ' ಅಂದರು. ಈ ಮಾತು ಎಲ್ಲ ಕಡೆ, ಎಲ್ಲ ಕಾಲದಲ್ಲೂ ಕೇಳಿಬಂದದ್ದೇ. ನೋರಾ ಸ್ಟಾಂಟನ್ ಬ್ಲ್ಯಾಚ್ 1905ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದರು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಅವರನ್ನು ಕಿರಿಯ ಸದಸ್ಯೆಯಾಗಿ ತೆಗೆದುಕೊಂಡಿತು, ಮೇಲಿನ ದರ್ಜೆ ಮಾತ್ರ ಕೊಡಲಿಲ್ಲ. 1916ರಲ್ಲಿ ಅವರು ಕೋರ್ಟಿಗೆ ಹೋದರು, ಸೋತರು. ಅವರು ತೀರಿಹೋಗಿ ದಶಕಗಳು ಕಳೆದ ಮೇಲೆ, 2015ರಲ್ಲಿ, ಅದೇ ಸಂಘ ಅವರಿಗೆ ಫೆಲೋ ಅನ್ನುವ ಮೇಲಿನ ದರ್ಜೆ ಕೊಟ್ಟಿತು. ಈ ಕಥೆಯನ್ನು ಸಭೆಯಲ್ಲಿ ಹೇಳಿ, ನಮ್ಮ ಸಂಘ ಯಾರಿಗೆಲ್ಲ ಹೀಗೆ ತಡವಾಗಿ ಕೊಡಬೇಕಾಗುತ್ತದೋ ಅಂತ ಕೇಳಿದೆ. ಕೆಲವರಿಗೆ ಸಿಟ್ಟು ಬಂತು, ಬರಲಿ.

ಇನ್ನೊಂದು ಉದಾಹರಣೆ ಇನ್ನೂ ಚೆನ್ನಾಗಿ ನಾಟಿತು, ಅದರಲ್ಲಿ ಸ್ವಾರ್ಥವೂ ಇದೆ. ಅಮೆರಿಕದಲ್ಲಿ 1884ರಲ್ಲಿ ಎಐಇಇ ಅನ್ನುವ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಘ ಹುಟ್ಟಿತು. ಅದರ ಕಣ್ಣು ಮುಖ್ಯವಾಗಿ ವಿದ್ಯುತ್ ಉತ್ಪಾದನೆ, ಸಾಗಣೆ, ತಂತಿ ಸಂಪರ್ಕದ ಕಡೆ. 1912ರಲ್ಲಿ ರೇಡಿಯೊದವರು ಐಆರ್‌ಇ ಅಂತ ಬೇರೆ ಸಂಘ ಕಟ್ಟಿಕೊಂಡರು. ಎಲೆಕ್ಟ್ರಾನಿಕ್ಸ್ ಬೆಳೆದಂತೆ ವಿದ್ಯಾರ್ಥಿಗಳು, ಯುವಕರು ಅತ್ತ ಹೋದರು. 1950ರ ದಶಕದ ಕೊನೆಗೆ ಕಿರಿಯ ಸಂಘವೇ ಹಿರಿಯ ಸಂಘಕ್ಕಿಂತ ದೊಡ್ಡದಾಗಿತ್ತು. 1963ರಲ್ಲಿ ಎರಡೂ ಕೂಡಿ ಐಇಇಇ ಅನ್ನುವ ಒಂದೇ ಸಂಘ ಆಯಿತು. ಹೊಸ ಶಾಖೆಯವರನ್ನು ನೀವು ಒಳಗೆ ಕರೆಯದಿದ್ದರೆ ಅವರು ಬೇರೆ ಮನೆ ಕಟ್ಟುತ್ತಾರೆ, ಶುಲ್ಕವನ್ನು ಅಲ್ಲೇ ಕಟ್ಟುತ್ತಾರೆ. ಮಟ್ಟದ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಸರಳ: ಸೇರುವ ಬಾಗಿಲು ಬೇರೆ, ಮೇಲಿನ ದರ್ಜೆ ಬೇರೆ. ಫೆಲೋ ಆಗುವ ಪರೀಕ್ಷೆ ಈಗಿರುವಷ್ಟೇ ಬಿಗಿಯಾಗಿರಲಿ, ಬೇಕಾದರೆ ಇನ್ನೂ ಬಿಗಿ ಮಾಡಿ. ಒಳಗೆ ಬರುವುದನ್ನು ಯಾಕೆ ತಡೆಯುತ್ತೀರಿ?

ಈಗ ಹಣ. ಇಲ್ಲಿ ನನಗೆ ಅತಿ ಹೆಚ್ಚು ತಲೆನೋವು ಕೊಟ್ಟದ್ದು ಆಜೀವ ಸದಸ್ಯತ್ವ. ಒಮ್ಮೆಗೇ ದೊಡ್ಡ ಮೊತ್ತ ಬರುತ್ತದೆ, ಸಮಿತಿಗೆ ಖುಷಿ, ಆ ವರ್ಷದ ವರದಿ ಚೆನ್ನಾಗಿ ಕಾಣುತ್ತದೆ. ವಾರ್ಷಿಕ ಶುಲ್ಕ 100 ಅಂದುಕೊಳ್ಳಿ, ಆಜೀವ ಶುಲ್ಕ ಅದರ ಹತ್ತು ಪಟ್ಟು, 1,000. ಅದನ್ನು ಪೂರ್ತಿ ಠೇವಣಿ ಇಟ್ಟು ಶೇ. 7 ಬಡ್ಡಿ ಬಂದರೆ ವರ್ಷಕ್ಕೆ 70. ಅಂದರೆ ಮೊದಲ ವರ್ಷವೇ 30 ಕೊರತೆ. ಖರ್ಚು ವರ್ಷಕ್ಕೆ ಶೇ. 5ರಂತೆ ಏರಿದರೆ ಹದಿನೈದು ವರ್ಷದಲ್ಲಿ ಅದೇ ಸೇವೆಗೆ ತಗಲುವುದು 200ಕ್ಕೂ ಜಾಸ್ತಿ, ಬಡ್ಡಿ ಅದೇ 70. ಮೂವತ್ತನೇ ವಯಸ್ಸಿನಲ್ಲಿ ಸೇರಿದವರಿಗೆ ಇನ್ನೂ ನಲವತ್ತು ವರ್ಷ ಸೇವೆ ಕೊಡಬೇಕು. ಮೂಲ ಹಣವನ್ನೇ ಕಟ್ಟಡದ ಬಣ್ಣಕ್ಕೆ ಖರ್ಚು ಮಾಡಿದ್ದರಂತೂ ಕೇಳುವುದೇ ಬೇಡ. ನಾವು ಆಜೀವ ಸದಸ್ಯತ್ವವನ್ನು ವಯಸ್ಸಿಗೆ ತಕ್ಕ ದರಕ್ಕೆ ಬದಲಾಯಿಸಿದೆವು, ಚಿಕ್ಕವರಿಗೆ ಜಾಸ್ತಿ, ನಿವೃತ್ತಿಗೆ ಹತ್ತಿರ ಇರುವವರಿಗೆ ಕಡಿಮೆ. ಬಂದ ಹಣ ಬೇರೆ ಖಾತೆಗೆ ಹೋಗುತ್ತದೆ, ವರ್ಷಕ್ಕೆ ಒಂದು ಪಾಲು ಮಾತ್ರ ಖರ್ಚಿನ ಖಾತೆಗೆ ಬರುತ್ತದೆ. ಈಗಾಗಲೇ ಕಟ್ಟಿದವರಿಂದ ಮತ್ತೆ ಕೇಳುವ ಹಾಗಿಲ್ಲ. ಆದರೆ ಲೆಕ್ಕವನ್ನು ಬಿಚ್ಚಿ ತೋರಿಸಿ, ಮನಸ್ಸಿದ್ದರೆ ವರ್ಷಕ್ಕೊಂದು ಕಾಣಿಕೆ ಕೊಡಿ ಅಂತ ಬರೆದಾಗ ಕೊಟ್ಟವರು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ.

ತರಬೇತಿಯಿಂದ ಒಳ್ಳೆಯ ಆದಾಯ ಬರುತ್ತದೆ, ಸಮ್ಮೇಳನದಿಂದ ಹೆಸರು ಬರುತ್ತದೆ. ಸಮ್ಮೇಳನದಲ್ಲಿ ಸಭಾಂಗಣದ ಮುಂಗಡ, ಊಟ, ವಸತಿ ಎಲ್ಲ ಮೊದಲೇ ಕೊಟ್ಟು ಜನ ಬರುತ್ತಾರೋ ಇಲ್ಲವೋ ಅಂತ ಕಾಯಬೇಕು. ಎರಡು ದಿನದ ತರಬೇತಿ ಹಾಗಲ್ಲ, ಇಪ್ಪತ್ತು ಜನ ಬಂದರೆ ಖರ್ಚು ಕಳೆದು ಉಳಿಯುತ್ತದೆ, ಬಾರದಿದ್ದರೆ ಮುಂದೂಡಬಹುದು. ವಿಷಯ ಆರಿಸುವುದನ್ನು ಸಮಿತಿಗೆ ಬಿಡಬೇಡಿ. ಸಣ್ಣ ಕಂಪನಿಗಳ ಮುಖ್ಯಸ್ಥರನ್ನು ಕೇಳಿ, ನಿಮ್ಮ ಹುಡುಗರಿಗೆ ಏನು ಬರುವುದಿಲ್ಲ ಅಂತ. ನಮಗೆ ಸಿಕ್ಕ ಉತ್ತರಗಳಲ್ಲಿ ಕೃತಕ ಬುದ್ಧಿಮತ್ತೆ ಇರಲಿಲ್ಲ. ಟೆಂಡರ್ ದಾಖಲೆ ಓದುವುದು, ವರದಿ ಬರೆಯುವುದು, ನಕ್ಷೆಯಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಅನ್ನುವುದು) ಸರಿಯಾಗಿ ಕೊಡುವುದು, ಇವು ಇದ್ದವು.

ದೇಣಿಗೆ ಕೇಳುವಾಗ ಸಂಘಕ್ಕೆ ಸಹಾಯ ಮಾಡಿ ಅಂದರೆ ಯಾರೂ ಕೊಡುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಹೆಸರಿರುವ ಕೆಲಸ, ಅದರ ಖರ್ಚು, ಮುಗಿಯುವ ತಾರೀಖು, ಈ ಮೂರನ್ನು ಹೇಳಿದರೆ ಮಾತು ಮುಂದೆ ಹೋಗುತ್ತದೆ. ಮೊದಲು ಕಾರ್ಯಕಾರಿ ಸಮಿತಿಯವರೇ ಕೊಡಬೇಕು, ಮೊತ್ತ ಎಷ್ಟೇ ಇರಲಿ. ಇಲ್ಲವಾದರೆ 'ನೀವು ಎಷ್ಟು ಕೊಟ್ಟಿರಿ' ಅನ್ನುವ ಪ್ರಶ್ನೆಗೆ ಮುಖ ತಗ್ಗಿಸಬೇಕಾಗುತ್ತದೆ. ಆಮೇಲೆ ಎದುರು ಕೂತು, ಮೊತ್ತವನ್ನು ಬಾಯಿಬಿಟ್ಟು ಹೇಳಿ, ಸುಮ್ಮನಾಗಬೇಕು. ಈ ಸುಮ್ಮನಾಗುವುದು ಕಷ್ಟ. ನಮ್ಮವರು ಮೊತ್ತ ಹೇಳಿದ ಮರುಕ್ಷಣವೇ 'ಆಗದಿದ್ದರೂ ಪರವಾಗಿಲ್ಲ' ಅಂತ ತಾವೇ ಸೇರಿಸಿಬಿಡುತ್ತಾರೆ. ದತ್ತಿನಿಧಿ ಕೇಳುವಾಗ ನಿವೃತ್ತರನ್ನು ಮರೆಯಬೇಡಿ. ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳ ಸಂಘ 1818ರಲ್ಲಿ ಶುರುವಾದಾಗ ಅದನ್ನು ಕಟ್ಟಿದವರು ಯುವಕರು, ಮೊದಮೊದಲು ಬೆಳೆಯಲೇ ಇಲ್ಲ. 1820ರಲ್ಲಿ ಆ ಕಾಲದ ಹೆಸರಾಂತ ಎಂಜಿನಿಯರ್ ಥಾಮಸ್ ಟೆಲ್‌ಫೋರ್ಡ್ ಅಧ್ಯಕ್ಷರಾಗಲು ಒಪ್ಪಿದ ಮೇಲೆ ಚೇತರಿಸಿಕೊಂಡಿತು, 1828ರಲ್ಲಿ ರಾಜಮನ್ನಣೆಯ ಸನ್ನದು ಸಿಕ್ಕಿತು. ಟೆಲ್‌ಫೋರ್ಡ್ ತಮ್ಮ ಉಯಿಲಿನಲ್ಲಿ ಸಂಘಕ್ಕೆ ಬಿಟ್ಟ ಹಣದಿಂದ ಬಂದ ಟೆಲ್‌ಫೋರ್ಡ್ ಪದಕ ಇಂದಿಗೂ ನಡೆಯುತ್ತಿದೆ. ದತ್ತಿನಿಧಿ ಕೇಳುವಾಗ ನಾನು ಈ ಉದಾಹರಣೆ ಕೊಡುತ್ತಿದ್ದೆ, ಕೆಲಸಕ್ಕೆ ಬಂದಿದೆ.

ಪ್ರಾಯೋಜಕರ ಹಣಕ್ಕೆ ಮಾತ್ರ ಬೇಲಿ ಬೇಕು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಎಎಸ್‌ಎಂಇ, ಬಾಯ್ಲರ್ ಸುರಕ್ಷತೆಯ ನಿಯಮಾವಳಿಯಿಂದ ಹೆಸರಾದದ್ದು. ಅದರ ಸಮಿತಿಯಲ್ಲಿದ್ದ ಸ್ವಯಂಸೇವಕರಲ್ಲಿ ಕೆಲವರು ಬಾಯ್ಲರ್ ಭಾಗಗಳ ಉದ್ಯಮದವರೇ. 1971ರಲ್ಲಿ ಆ ಸಮಿತಿಯ ಇಬ್ಬರು, ನಿಯಮದ ಅರ್ಥ ತಿಳಿಸುವ ಪತ್ರವೊಂದನ್ನು, ಅವರಲ್ಲಿ ಒಬ್ಬರ ಸಂಸ್ಥೆಗೆ ಪ್ರತಿಸ್ಪರ್ಧಿಯಾದ ಕಂಪನಿಯ ಉಪಕರಣ ಅಸುರಕ್ಷಿತ ಅನ್ನಿಸುವ ಹಾಗೆ ಸಂಘದ ಹೆಸರಲ್ಲಿ ಹೊರಡಿಸಿದರು. ಆ ಕಂಪನಿ, ಹೈಡ್ರೊಲೆವೆಲ್, ಮೊಕದ್ದಮೆ ಹೂಡಿತು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸ್ವಯಂಸೇವಕರು ಸಂಘದ ಹೆಸರಲ್ಲಿ ಮಾಡಿದ್ದಕ್ಕೆ ಸಂಘವೇ ಹೊಣೆ ಅಂತ ತೀರ್ಪು ಕೊಟ್ಟಿತು. ಲಾಭದ ಉದ್ದೇಶ ಇಲ್ಲದ ಸಂಘ ಅಂದರೂ ಬಿಡಲಿಲ್ಲ.

ನಾವು ಪ್ರಾಯೋಜಕರಿಗೆ ಕೊಡುವ ಒಪ್ಪಂದ ಒಂದೇ ಪುಟ. ಹೆಸರು, ಮಳಿಗೆ, ಬ್ಯಾನರ್ ಸಿಗುತ್ತದೆ. ಉಪನ್ಯಾಸಕಾರರನ್ನು ಅವರು ಆರಿಸುವಂತಿಲ್ಲ, ಸದಸ್ಯರ ಪಟ್ಟಿ ಅವರಿಗೆ ಸಿಗುವುದಿಲ್ಲ, ತಾಂತ್ರಿಕ ಸಮಿತಿಯಲ್ಲಿ ಅವರ ಉದ್ಯೋಗಿ ಇದ್ದರೆ ತಮ್ಮ ಉತ್ಪನ್ನದ ಮಾತು ಬಂದಾಗ ಹೊರಗೆ ಹೋಗಬೇಕು. ಒಟ್ಟು ಪ್ರಾಯೋಜಕತ್ವದಲ್ಲಿ ಒಬ್ಬರದೇ ಪಾಲು ಶೇ. 25 ದಾಟಬಾರದು. ಈ ಕೊನೆಯ ನಿಯಮ ಆದರ್ಶಕ್ಕಿಂತ ಲೆಕ್ಕಾಚಾರದ್ದು, ಆ ಒಬ್ಬರು ಮುಂದಿನ ವರ್ಷ ಕೈಬಿಟ್ಟರೂ ಗುಮಾಸ್ತರ ಸಂಬಳ ನಿಲ್ಲಬಾರದು. ಒಂದು ಸಂಸ್ಥೆ ಪಟ್ಟಿ ಕೊಟ್ಟರೆ ಎರಡು ಪಟ್ಟು ಹಣ ಕೊಡುತ್ತೇವೆ ಅಂದಿತು. ಸಮಿತಿಯಲ್ಲಿ ಒಂದಿಬ್ಬರ ಕಣ್ಣು ಅರಳಿತು. ಸದಸ್ಯರು ಸ್ವಂತ ನಂಬರ್ ಕೊಟ್ಟಿರುವುದು ನಮ್ಮ ಫೋನಿಗಾಗಿ, ಅವರ ಮಾರಾಟದ ಹುಡುಗರಿಗಾಗಿ ಅಲ್ಲ ಅಂತ ಹೇಳಿ ಬೇಡ ಅಂದೆವು. ಆ ವರ್ಷ ಸಮ್ಮೇಳನವನ್ನು ಎರಡು ದಿನದಿಂದ ಒಂದು ದಿನಕ್ಕೆ ಇಳಿಸಬೇಕಾಯಿತು.