ಮಳೆಗಾಲದಲ್ಲೂ ಗರಿಗರಿ: ಹರಿವೆ ಸೊಪ್ಪು, ಪನೀರ್ ತುಂಬಿದ ಫಿಲೋ ಪೈ

ಜೋರು ಮಳೆಯ ಆಟಿ (ಆಷಾಢ) ತಿಂಗಳಲ್ಲಿ ಮಂಗಳೂರಿನ ಗಾಳಿ ಹೇಗಿರುತ್ತದೆ ಗೊತ್ತಲ್ವಾ? ಕರಿದ ಹಪ್ಪಳವನ್ನು ಡಬ್ಬಿಗೆ ಹಾಕಲು ಸ್ವಲ್ಪ ತಡ ಮಾಡಿದರೆ ಸಾಕು, ಮೆತ್ತಗಾಗಿಬಿಡುತ್ತದೆ. ಇಂಥ ಗಾಳಿಯಲ್ಲಿ ಫಿಲೋ ಹಾಳೆಯ ಪೈ ಮಾಡಬಹುದಾ ಎಂದು ತುಂಬ ಜನ ಕೇಳುತ್ತಾರೆ. ಖಂಡಿತ ಮಾಡಬಹುದು. ಒಂದೇ ಒಂದು ವಿಷಯಕ್ಕೆ ಗಮನ ಕೊಡಬೇಕು: ನೀರು. ಸೊಪ್ಪಿನಲ್ಲಿ ನೀರು, ಪನೀರಿನಲ್ಲಿ ನೀರು, ಬೆಣ್ಣೆಯಲ್ಲಿ ನೀರು, ನಮ್ಮ ಗಾಳಿಯಲ್ಲೂ ನೀರು. ಇದನ್ನು ಒಂದೊಂದೇ ಹಂತದಲ್ಲಿ ಹೊರಗಿಟ್ಟರೆ ಪೈ ತಾನಾಗಿಯೇ ಗರಿಗರಿಯಾಗುತ್ತದೆ.

ಫಿಲೋ ಎಂದರೆ ಗ್ರೀಕ್ ಭಾಷೆಯಲ್ಲಿ ಎಲೆ. ಮೈದಾ, ನೀರು, ಸ್ವಲ್ಪ ಎಣ್ಣೆ ಸೇರಿಸಿ ಕಲಸಿದ ಹಿಟ್ಟನ್ನು ಕಾಗದಕ್ಕಿಂತ ತೆಳುವಾಗಿ ಎಳೆದ ಹಾಳೆ ಇದು. ನಮ್ಮ ಬೇಕರಿಗಳ ಪಫ್ಸ್ ಹಾಳೆಯೇ ಇದು ಎಂದುಕೊಳ್ಳಬೇಡಿ. ಪಫ್ಸ್ ಹಿಟ್ಟಿನೊಳಗೇ ಕೊಬ್ಬಿನ ಪದರ ಇರುತ್ತದೆ, ಹಾಗಾಗಿ ಅದು ಓವನ್‌ನಲ್ಲಿ ಉಬ್ಬುತ್ತದೆ. ಫಿಲೋದಲ್ಲಿ ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪ್ರತಿ ಹಾಳೆಗೂ ನಾವೇ ಸವರಬೇಕು. ಚಿರೋಟಿಗೆ ಒಂದೊಂದೇ ಹಾಳೆ ಲಟ್ಟಿಸಿ, ನಡುವೆ ತುಪ್ಪ ಮತ್ತು ಅಕ್ಕಿ ಹಿಟ್ಟಿನ ಸಾಟಿ ಸವರಿ ಜೋಡಿಸುತ್ತೇವಲ್ಲ, ಆ ಕೈ ಅಭ್ಯಾಸ ಇದ್ದವರಿಗೆ ಇದು ಹೊಸದಲ್ಲ.

ಗ್ರೀಸ್‌ನಲ್ಲಿ ಈ ಪೈಗೆ ಸ್ಪಾನಕೋಪಿಟ ಎಂದು ಹೆಸರು. ಪಾಲಕ್, ಫೆಟಾ ಚೀಸ್, ಜೊತೆಗೆ ಸಬ್ಬಸಿಗೆ ಸೊಪ್ಪು. ಹೌದು, ನಮ್ಮ ಸಬ್ಬಸಿಗೆಯೇ! ಫೆಟಾವನ್ನು ಮುಖ್ಯವಾಗಿ ಕುರಿ ಹಾಲಿನಿಂದ ಮಾಡಿ ಉಪ್ಪು ನೀರಿನಲ್ಲಿ ಇಡುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ 2002ರಿಂದ ಆ ಹೆಸರು ಗ್ರೀಸ್‌ನ ಚೀಸ್‌ಗೆ ಮಾತ್ರ ಸಲ್ಲುತ್ತದೆ. ಇಲ್ಲಿ ಸಿಕ್ಕರೆ ಬಳಸಿ, ಆದರೆ ಅದಕ್ಕಾಗಿ ಅಂಗಡಿ ಅಂಗಡಿ ಅಲೆಯುವ ಅಗತ್ಯ ಇಲ್ಲ. ಪನೀರಿಗೆ ಉಪ್ಪು, ನಾಲ್ಕು ಹನಿ ಲಿಂಬೆ ರಸ ಹಾಕಿ ಪುಡಿ ಮಾಡಿ, ಸ್ವಲ್ಪ ಸಾದಾ ಚೀಸ್ ತುರಿದು ಸೇರಿಸಿದರೆ ರುಚಿ ಚೆನ್ನಾಗಿಯೇ ಬರುತ್ತದೆ.

ಒಂಬತ್ತು ಇಂಚಿನ ಚೌಕ ಟ್ರೇಗೆ ಬೇಕಾಗುವುದು ಇಷ್ಟು: 10ರಿಂದ 12 ಫಿಲೋ ಹಾಳೆ, ಅರ್ಧ ಕಿಲೋ ಹರಿವೆ ಸೊಪ್ಪು, ಒಂದು ಹಿಡಿ ಸಬ್ಬಸಿಗೆ, ಎರಡು ನೀರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸು, 200 ಗ್ರಾಂ ಪನೀರ್, 75 ಗ್ರಾಂ ಚೀಸ್, ಒಂದು ಚಮಚ ಜಜ್ಜಿದ ಕಾಳುಮೆಣಸು, ಚಿಟಿಕೆ ಜಾಯಿಕಾಯಿ ಪುಡಿ, ಎರಡು ದೊಡ್ಡ ಚಮಚ ಹುರಿದ ಚಿರೋಟಿ ರವೆ, ಸುಮಾರು 100 ಗ್ರಾಂ ತುಪ್ಪ. ಹುರಿಯಲು ಸ್ವಲ್ಪ ಎಣ್ಣೆ.

ಪಾಲಕ್ ಬದಲು ಹರಿವೆ ಯಾಕೆ? ನಮ್ಮ ಮಾರುಕಟ್ಟೆಯಲ್ಲಿ ದಿನವೂ ತಾಜಾ ಸಿಗುತ್ತದೆ, ರುಚಿಯೂ ಗಟ್ಟಿ. ಹಸಿರು ಹರಿವೆಯನ್ನೇ ಆರಿಸಿ. ಕೆಂಪು ಹರಿವೆ ಹಾಕಿದರೆ ಪನೀರೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ರುಚಿಗೇನೂ ತೊಂದರೆ ಇಲ್ಲ, ಮಕ್ಕಳಿಗೆ ಇಷ್ಟವೂ ಆಗಬಹುದು. ಬಸಳೆ ಮಾತ್ರ ಬೇಡ. ಅದರ ಲೋಳೆ ಎಷ್ಟು ಹಿಂಡಿದರೂ ಹೋಗುವುದಿಲ್ಲ. ಬಸಳೆ ಗಸಿಗೇ ಇರಲಿ.

ಸೊಪ್ಪು ಹಿಂಡುವ ಕೆಲಸ

ಇಲ್ಲಿ ಅವಸರ ಮಾಡಬೇಡಿ. ನಾನು ಮೊದಲ ಸಲ ಈ ಪೈ ಮಾಡಿದಾಗ ಸೊಪ್ಪನ್ನು ಬಾಡಿಸಿ, ಕೈಯಲ್ಲಿ ಸುಮ್ನೆ ಒಮ್ಮೆ ಒತ್ತಿ ತುಂಬಿಸಿಬಿಟ್ಟೆ. ಮೇಲೆ ಚಿನ್ನದ ಬಣ್ಣ, ಕತ್ತರಿಸಿದರೆ ಅಡಿಯ ಹಾಳೆಗಳೆಲ್ಲ ಅಂಟು ಮುದ್ದೆ. ಉಡುಪಿಯಿಂದ ಬಂದಿದ್ದ ದೊಡ್ಡಮ್ಮ ಒಂದು ತುಂಡು ಬಾಯಿಗಿಟ್ಟು, "ಎಂಥ ಮಾರಾಯ್ತಿ, ಸೊಪ್ಪಿನ ನೀರೇ ತೆಗೀಲಿಲ್ವಾ?" ಎಂದರು. ಮರುದಿನ ಅವರೇ ಪಕ್ಕದಲ್ಲಿ ನಿಂತು ಮಾಡಿಸಿದರು. ಈಗಲೂ ನಾನು ಹಾಗೆಯೇ ಮಾಡುವುದು.

ತೊಳೆದ ಸೊಪ್ಪನ್ನು ಸಣ್ಣಗೆ ಹೆಚ್ಚಿ. ದಪ್ಪ ದಂಟು ತೆಗೆದಿಡಿ, ಸಾಂಬಾರಿಗಾಗುತ್ತದೆ. ಒಂದು ಚಮಚ ಉಪ್ಪು ಹಾಕಿ ಕೈಯಿಂದ ಚೆನ್ನಾಗಿ ಕಿವುಚಿ, ಅರ್ಧ ಗಂಟೆ ಬಿಡಿ. ನಂತರ ತೆಳುವಾದ ಹಳೆಯ ಬೈರಾಸಿನಲ್ಲಿ (ಟವೆಲ್) ಗಂಟು ಕಟ್ಟಿ ತಿರುಚಿ. ಮೊದಲು ಹಸಿರು ನೀರು ಧಾರೆಯಾಗಿ ಬರುತ್ತದೆ. ನಿಂತಿತು ಅನ್ನಿಸಿದಾಗ ಬಟ್ಟೆ ಬಿಚ್ಚಿ, ಸೊಪ್ಪನ್ನು ಕೆದರಿ, ಮತ್ತೆ ಕಟ್ಟಿ ಇನ್ನೊಮ್ಮೆ ತಿರುಚಿ. ಈ ಎರಡನೇ ಸಲ ಬರುವ ನೀರೇ ಪೈಯ ಅಡಿಯನ್ನು ಹಾಳು ಮಾಡುವಂಥದ್ದು. ಕೊನೆಗೆ ಸೊಪ್ಪು ಕೈಯಲ್ಲಿ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಲ್ಲಿ ಒಂದು ಹನಿಯೂ ಇಳಿಯಬಾರದು.

ಬಾಣಲೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು ಹುರಿದು ಸೊಪ್ಪು ಹಾಕಿ. ಮುಚ್ಚಳ ಮುಚ್ಚದೆ, ದೊಡ್ಡ ಉರಿಯಲ್ಲಿ ನೀರೆಲ್ಲ ಆರುವವರೆಗೆ ಬಾಡಿಸಿ. ಪೂರ್ತಿ ತಣಿದ ಮೇಲೆಯೇ ಪನೀರ್, ಚೀಸ್, ಸಬ್ಬಸಿಗೆ, ಕಾಳುಮೆಣಸು, ಜಾಯಿಕಾಯಿ ಬೆರೆಸಿ. ಬಿಸಿ ಇರುವಾಗಲೇ ಹಾಳೆಯ ಮೇಲೆ ಹರಡಿದರೆ ಆವಿಗೆ ಹಾಳೆ ಒದ್ದೆಯಾಗುತ್ತದೆ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಸೊಪ್ಪಿಗೂ ಚೀಸ್‌ಗೂ ಈಗಾಗಲೇ ಇದೆ. ಹಲವರು ಮೊಟ್ಟೆ ಒಡೆದು ಹಾಕುತ್ತಾರೆ, ಹೂರಣ ಕಟ್ಟಿಕೊಳ್ಳಲಿ ಎಂದು. ಮೊಟ್ಟೆ ತಿನ್ನುವವರು ಒಂದು ಸೇರಿಸಬಹುದು. ಇಲ್ಲದಿದ್ದರೂ ಪೈ ಸರಿಯಾಗಿಯೇ ನಿಲ್ಲುತ್ತದೆ.

ಹಾಳೆ ಬಿಡಿಸುವ ಮೊದಲು ಫ್ಯಾನ್ ಆರಿಸಿ

ಫಿಲೋ ಫ್ರೀಜರ್‌ನಲ್ಲಿಟ್ಟ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಹಿಂದಿನ ರಾತ್ರಿಯೇ ಅದನ್ನು ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿಡಿ. ಮಾಡುವ ಮೊದಲು ಪ್ಯಾಕೆಟ್ ತೆರೆಯದೆ ಒಂದೆರಡು ಗಂಟೆ ಹೊರಗಿಡಿ. ತಣ್ಣಗಿರುವಾಗಲೇ ತೆರೆದರೆ ನಮ್ಮ ಗಾಳಿಯ ತೇವ ಹಾಳೆಗಳ ಮೇಲೆ ಕೂತು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಐಸ್‌ಕ್ರೀಂ ಡಬ್ಬಿ ಬೆವರುವುದನ್ನು ನೋಡಿದ್ದೀರಲ್ಲ, ಅದೇ ಕತೆ.

ತೆರೆದ ಮೇಲೆ ಸಮಸ್ಯೆ ಉಲ್ಟಾ. ಫ್ಯಾನ್ ಗಾಳಿ ತಾಗಿದರೆ ಕೆಲವೇ ನಿಮಿಷಗಳಲ್ಲಿ ಅಂಚು ಒಣಗಿ ಪುಡಿಯಾಗುತ್ತದೆ. ಒದ್ದೆ ಬಟ್ಟೆ ಮುಚ್ಚಿ ಎಂದು ಎಲ್ಲ ಕಡೆ ಹೇಳುತ್ತಾರೆ. ನಮ್ಮಲ್ಲಿ ಒದ್ದೆ ಬಟ್ಟೆ ನೇರವಾಗಿ ತಾಗಿದರೆ ಮೇಲಿನ ಹಾಳೆ ಹಿಟ್ಟಾಗುತ್ತದೆ. ಹಾಗಾಗಿ ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚೆನ್ನಾಗಿ ಹಿಂಡಿದ ಬಟ್ಟೆ. ಒಂದು ಹಾಳೆ ತೆಗೆದ ಕೂಡಲೇ ಉಳಿದದ್ದನ್ನು ಮುಚ್ಚಿ.

ಸವರಲು ಬೆಣ್ಣೆಗಿಂತ ತುಪ್ಪವೇ ಒಳ್ಳೆಯದು ಎನ್ನುವುದು ನನ್ನ ಅನುಭವ. ಇದಕ್ಕೆ ಕಾರಣವೂ ಇದೆ. ಬೆಣ್ಣೆಯಲ್ಲಿ ಸುಮಾರು ಶೇ 16ರಷ್ಟು ನೀರು ಇರುತ್ತದೆ, ತುಪ್ಪದಲ್ಲಿ ಇಲ್ಲವೆಂದೇ ಹೇಳಬಹುದು. ಮಳೆಗೆ ತುಪ್ಪ ಗಟ್ಟಿಯಾಗಿದ್ದರೆ ಬಟ್ಟಲನ್ನು ಬಿಸಿನೀರಿನಲ್ಲಿ ಕೂರಿಸಿ.

ಟ್ರೇಗೆ ತುಪ್ಪ ಸವರಿ ಮೊದಲ ಹಾಳೆ ಹಾಸಿ, ಅಂಚು ಹೊರಗೆ ಇಳಿಬೀಳಲಿ. ಮೆತ್ತನೆಯ ಬ್ರಶ್‌ನಿಂದ ಮೊದಲು ಅಂಚಿಗೆ, ಆಮೇಲೆ ನಡುವಿಗೆ ತುಪ್ಪ ತಾಗಿಸಿ. ತಿಕ್ಕಬೇಡಿ, ಹರಿಯುತ್ತದೆ. ಹರಿದರೂ ಚಿಂತೆ ಇಲ್ಲ, ಹರಿದದ್ದು ನಡುವಿನ ಪದರಕ್ಕೆ ಹೋಗಲಿ, ಚಂದದ್ದು ಕೊನೆಗೆ ಮೇಲೆ ಬರಲಿ. ಹೀಗೆ ಆರು ಹಾಳೆ, ಪ್ರತಿಯೊಂದನ್ನೂ ಸ್ವಲ್ಪ ತಿರುಗಿಸಿ ಹಾಕಿ. ಆರನೆಯದರ ಮೇಲೆ ಹುರಿದ ರವೆ ಉದುರಿಸಿ. ಹೂರಣದಿಂದ ಇಳಿಯುವ ಅಷ್ಟಿಷ್ಟು ನೀರನ್ನು ರವೆ ಕುಡಿಯುತ್ತದೆ. ಹೂರಣ ಸಮನಾಗಿ ಹರಡಿ, ಇಳಿಬಿದ್ದ ಅಂಚನ್ನು ಒಳಗೆ ಮಡಚಿ, ಮೇಲೆ ಉಳಿದ ಹಾಳೆಗಳನ್ನು ಅದೇ ರೀತಿ ಹಾಕಿ ಬದಿಗಳನ್ನು ಟ್ರೇಯೊಳಗೆ ತುರುಕಿ.

ಬೇಯಿಸುವ ಮೊದಲೇ ಹರಿತವಾದ ಚೂರಿಯಲ್ಲಿ ಮೇಲಿನ ಪದರಗಳನ್ನು ಮಾತ್ರ ಒಂಬತ್ತು ಚೌಕವಾಗಿ ಗೀರಿ. ಬೆಂದ ಮೇಲೆ ಗೀರಲು ಹೋದರೆ ಹಾಳೆ ಚೂರು ಚೂರಾಗುತ್ತದೆ. ಈ ಗೀರಿನಿಂದ ಒಳಗಿನ ಆವಿಯೂ ಹೊರಬರುತ್ತದೆ.

ಓಟಿಜಿಯನ್ನು (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) 180 ಡಿಗ್ರಿಗೆ 15 ನಿಮಿಷ ಮೊದಲೇ ಬಿಸಿ ಮಾಡಿ, ಟ್ರೇಯನ್ನು ನಡುವಿಗಿಂತ ಒಂದು ಹಂತ ಕೆಳಗಿಟ್ಟು, ಎರಡೂ ರಾಡ್ ಹಾಕಿ 35ರಿಂದ 40 ನಿಮಿಷ ಬೇಯಿಸಿ. ಮೇಲೆ ಬಣ್ಣ ಬಂತೆಂದು ಬೇಗ ತೆಗೆಯಬೇಡಿ. ಒಂದು ಮೂಲೆಯನ್ನು ಚೂರಿಯಿಂದ ಎತ್ತಿ ನೋಡಿ, ಅಡಿಯೂ ಕಂದು ಬಣ್ಣಕ್ಕೆ ಬಂದಿರಬೇಕು. ಬರದಿದ್ದರೆ ಮೇಲೆ ಫಾಯಿಲ್ ಮುಚ್ಚಿ, ಕೆಳಗಿನ ರಾಡ್ ಒಂದರಲ್ಲೇ ಇನ್ನೂ ಏಳೆಂಟು ನಿಮಿಷ.

ಹೊರತೆಗೆದ ಮೇಲೆ ಹತ್ತು ನಿಮಿಷ ಬಿಟ್ಟು, ಗೀರಿದಲ್ಲೇ ಅಡಿಯವರೆಗೆ ಕತ್ತರಿಸಿ ಜಾಲರಿಯ ಮೇಲೆ ಇಡಿ. ಯಾವ ಕಾರಣಕ್ಕೂ ಬಿಸಿಯಲ್ಲಿ ಮುಚ್ಚಳ ಮುಚ್ಚಬೇಡಿ.

ಚಳಿಗಾಲದಲ್ಲಿ ಮಟ್ಟುಗುಳ್ಳ ಬಂದಾಗ ಸೊಪ್ಪಿನ ಬದಲು ಅದನ್ನೂ ಹಾಕಿ ನೋಡಿ. ಉಡುಪಿ ಬಳಿಯ ಮಟ್ಟು ಊರಿನ ಈ ಬದನೆಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಬಿಲ್ಲೆ ಮಾಡಿ, ಉಪ್ಪು ಸವರಿ ಅರ್ಧ ಗಂಟೆ ಇಟ್ಟು, ಒರೆಸಿ, ಎಣ್ಣೆಯಲ್ಲಿ ಎರಡೂ ಬದಿ ಬೇಯಿಸಿದರೆ ಮುಗಿಯಿತು. ಪನೀರಿನ ಜೊತೆ ತುಂಬ ಚೆನ್ನಾಗಿ ಹೊಂದುತ್ತದೆ.

ಪ್ಯಾಕೆಟ್‌ನಲ್ಲಿ ಉಳಿದ ಹಾಳೆಗಳನ್ನು ಬಿಗಿಯಾಗಿ ಸುತ್ತಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಬಳಸಿ. ಉಳಿದ ಪೈಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಓವನ್‌ನಲ್ಲಿ 160 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಮತ್ತೆ ಗರಿಗರಿ. ನಮ್ಮ ಮನೆಯಲ್ಲಿ ಉಳಿಯುವುದೇ ಅಪರೂಪ. ಅದರಲ್ಲೂ ಮೂಲೆಯ ತುಂಡುಗಳು ಮೊದಲೇ ಖಾಲಿ. ಮಡಚಿದ ಅಂಚೆಲ್ಲ ಅಲ್ಲೇ ಸೇರಿರುತ್ತದೆ, ಹಾಳೆ ಜಾಸ್ತಿ. ದೊಡ್ಡಮ್ಮ ಬಂದ ದಿನ ಒಂದು ಮೂಲೆ ಅವರಿಗೇ ಮೀಸಲು.