ಫಾಸ್ಟ್ ಬ್ರೇಕ್ ಬೇಕಾ? ಮೊದ್ಲು ಡಿಫೆನ್ಸ್ ನೋಡ್ಕೊಳ್ಳಿ

ಹಾಸನದ ಕಡೆ ಯಾವ ಬಾಸ್ಕೆಟ್‌ಬಾಲ್ ಟೀಮ್ ನೋಡಿದ್ರೂ ಎಲ್ರಿಗೂ ಫಾಸ್ಟ್ ಬ್ರೇಕ್ ಹುಚ್ಚು, ಅಂದ್ರೆ ಬಾಲ್ ಸಿಕ್ಕ ತಕ್ಷಣ ಎದುರಿನವ್ರು ಸೆಟ್ ಆಗೋಕೆ ಮುಂಚೆನೇ ಓಡಿ ಬಾಸ್ಕೆಟ್ ಹಾಕೋದು, ಆದ್ರೆ ಓಡೋಕೆ ಬಾಲ್ ಹೆಂಗೆ ಸಿಗತ್ತೆ ಅನ್ನೋದು ಮಾತ್ರ ತಲೇಲಿ ಇರಲ್ಲ. ಎದುರಿನವ್ರು ಬಾಸ್ಕೆಟ್ ಹಾಕಿದ್ರೆ ನೀವು ಎಂಡ್‌ಲೈನ್ (ರಿಂಗ್ ಹಿಂದಿನ ಗೆರೆ) ಆಚೆ ಹೋಗಿ ಬಾಲ್ ಒಳಗೆ ಕೊಡ್ಬೇಕು, ಅಷ್ಟೊತ್ತಿಗೆ ಅವ್ರು ಐದೂ ಜನ ವಾಪಸ್ ಹೋಗಿ ಸೆಟ್ ಆಗಿರ್ತಾರೆ. ಅದೇ ಸ್ಟೀಲ್ ಆದ್ರೆ (ಅವ್ರ ಕೈಯಿಂದ ಬಾಲ್ ಕಿತ್ಕೊಂಡ್ರೆ), ಇಲ್ಲಾ ರಿಬೌಂಡ್, ಅಂದ್ರೆ ಮಿಸ್ ಆದ ಶಾಟ್, ನಿಮ್ಮ ಕೈಗೆ ಬಂದ್ರೆ ಅವ್ರು ಇನ್ನೂ ತಿರುಗ್ತಾ ಇರ್ತಾರೆ.

ಎದುರಿನವ್ರ ಶಾಟ್ ಹೋದ ತಕ್ಷಣ ಐದೂ ಜನ ಬಾಕ್ಸ್ ಔಟ್ ಮಾಡಿ, ಅಂದ್ರೆ ಅವ್ರನ್ನ ಬೆನ್ನಲ್ಲಿ ತಡೆದು ರಿಂಗಿಂದ ದೂರ ಇಡಿ. ಒಬ್ಬ ಗಾರ್ಡ್ (ಬಾಲ್ ಮುಂದಕ್ಕೆ ತಗೊಂಡು ಹೋಗೋನು) ಮೊದ್ಲೇ ಮುಂದಕ್ಕೆ ಕಳಚ್ಕೊಳ್ತಾನೆ ನೋಡಿ, ಅವನ ಆಸೆಗೆ ನಾಲ್ಕು ಜನ ರಿಬೌಂಡಿಗೆ ಒದ್ದಾಡ್ಬೇಕು, ನನಗಂತೂ ಅದು ಕಂಡ್ರೆ ಆಗಲ್ಲ. ರಿಬೌಂಡ್ ಹಿಡಿದವ್ನು ಹತ್ರದ ಸೈಡ್‌ಲೈನ್ ಕಡೆ ತಿರುಗ್ಲಿ, ಗಾರ್ಡ್ ಅಲ್ಲೇ ಫ್ರೀ ಥ್ರೋ ಲೈನ್ ನೇರಕ್ಕೆ ನಿಂತು ಔಟ್‌ಲೆಟ್ ಪಾಸ್ (ರಿಬೌಂಡ್ ಹಿಡಿದವ್ನು ಕೊಡೋ ಮೊದಲ್ನೇ ಪಾಸ್) ತಗೊಂಡು ಬಾಲನ್ನ ಮಧ್ಯಕ್ಕೆ ತರ್ಲಿ, ಇಬ್ರು ವಿಂಗ್ ಪ್ಲೇಯರ್‌ಗಳು ಅಂಚಲ್ಲೇ ಅಗಲವಾಗಿ ಓಡ್ಲಿ, ಎತ್ತರದವ್ನು ನೇರ ರಿಂಗಿಗೆ. ಕೋರ್ಟು 28 ಮೀಟರ್ ಇದೆ, ಡ್ರಿಬಲ್‌ಗಿಂತ ಪಾಸ್ ಬೇಗ ಹೋಗತ್ತೆ.

ಇನ್ನು ಉಲ್ಟಾ ಕಡೆ, ಅವ್ರ ಫಾಸ್ಟ್ ಬ್ರೇಕ್ ತಡೆಯೋದು. ನೀವು ಹೊಡೆಯೋ ಶಾಟೇ ನಿಮ್ಮ ಡಿಫೆನ್ಸ್ ಶುರುವಾಗೋ ಜಾಗ. ಕಾರ್ನರಿಂದ ತ್ರೀ (ಮೂರು ಪಾಯಿಂಟಿನ ಶಾಟ್) ಹೊಡೆದ್ರೆ ಹೊಡೆದವ್ನು ಎಂಡ್‌ಲೈನ್ ಪಕ್ಕದಲ್ಲೇ ಇರ್ತಾನೆ, ದೂರದ ಶಾಟ್ ಮಿಸ್ ಆದ್ರೆ ಬಾಲೂ ದೂರಕ್ಕೇ ಚಿಮ್ಮತ್ತೆ, ಅದಕ್ಕೇ ಮೇಲೆ, ಅರ್ಧ ಕೋರ್ಟ್ ಕಡೆ, ಇಬ್ರು ಇರ್ಲೇಬೇಕು. ಮೂರು ಜನ ರಿಬೌಂಡಿಗೆ, ಇಬ್ರು ವಾಪಸ್, ಇದನ್ನ ಶಾಟ್ ಹೋಗೋಕೆ ಮುಂಚೆನೇ ಮಾತಾಡ್ಕೊಂಡಿರಿ. ಮೊದ್ಲು ಹೋದವ್ನು ರಿಂಗ್ ಕಾಯ್ಲಿ, ಎರಡನೇವ್ನು ಬಾಲ್ ತಡೀಲಿ, ಮಿಕ್ಕೋರು ತಮ್ಮ ಪ್ಲೇಯರ್ ಎಲ್ಲಿ ಅಂತ ಹುಡುಕ್ತಾ ಕೂರದೆ ಹತ್ರ ಸಿಕ್ಕವ್ನನ್ನ ಹಿಡೀಲಿ. ಹಿಂದಕ್ಕೆ ಹೆಜ್ಜೆ ಹಾಕ್ಕೊಂಡು ಹೋಗ್ಬೇಡಿ, ತಿರುಗಿ ಜೋರಾಗಿ ಓಡಿ, ಓಡೋವಾಗ ಭುಜದ ಮೇಲಿಂದ ಬಾಲ್ ನೋಡಿ. ಬಾಲ್ ತರೋನನ್ನ ಅವ್ರ ಅರ್ಧದಲ್ಲೇ ಅಡ್ಡ ಹಾಕಿದ್ರೆ ಅರ್ಧ ಕೋರ್ಟ್ ದಾಟೋಕೆ ಇರೋ 8 ಸೆಕೆಂಡಲ್ಲಿ ಮುಕ್ಕಾಲು ಅಲ್ಲೇ ಹೋಗತ್ತೆ, ಶಾಟ್ ಹೊಡೆಯೋಕೆ ಇರೋ 24 ಸೆಕೆಂಡಲ್ಲಿ ಅವ್ರಿಗೆ ಉಳಿಯೋದು ಕಮ್ಮಿ.

ಹಿಂದಿಂದ ಹೋಗಿ ಎಳೆಯೋ ಚಾಳಿ ಬಿಡಿ. ಬಾಲ್ ತಗೊಂಡು ಓಡೋನಿಗೂ ರಿಂಗಿಗೂ ಮಧ್ಯೆ ಯಾರೂ ಇಲ್ಲದಾಗ ಹಿಂದಿಂದ ಇಲ್ಲಾ ಪಕ್ಕದಿಂದ ಫೌಲ್ ಮಾಡಿದ್ರೆ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ (ಆಟದ ಮರ್ಯಾದೆ ಮೀರಿದ ಫೌಲ್) ಕೊಡ್ತಾರೆ, ಎರಡು ಫ್ರೀ ಥ್ರೋನೂ ಅವ್ರಿಗೆ ಹೋಯ್ತು ಬಾಲೂ ಅವ್ರಿಗೇ ಹೋಯ್ತು.

ಪ್ರಾಕ್ಟೀಸಿಗೆ ಐದೈದು ಜನ ಆಡ್ತಿರಿ, ಶಾಟ್ ಹೋದ ಕೂಡ್ಲೇ ಕೋಚು ಅಟ್ಯಾಕ್ ಮಾಡ್ತಿದ್ದ ಒಬ್ಬನ ಹೆಸ್ರು ಕೂಗ್ಲಿ, ಅವ್ನು ಎಂಡ್‌ಲೈನ್ ಮುಟ್ಟಿ ಬರ್ಬೇಕು, ಮಿಕ್ಕ ನಾಲ್ಕು ಜನ ಐದು ಜನನ್ನ ತಡೀಬೇಕು. ಮಳೆಗಾಲದಲ್ಲಿ ಸಿಮೆಂಟ್ ಕೋರ್ಟಲ್ಲಿ ಪಾಚಿ ಕಟ್ಟಿರತ್ತೆ, ಸಕಲೇಶಪುರ ಕಡೆಯವ್ರಿಗೆ ಹೇಳೋದೇ ಬೇಡ, ಆವಾಗ ಇದನ್ನ ನಡ್ಕೊಂಡೇ ಮಾಡಿ, ಜಾಗ ಯಾವ್ದು ಯಾರದ್ದು ಅಂತ ಗೊತ್ತಾದ್ರೆ ಸಾಕು.